ಕಲ್ಲುನೆಲ, ಶೌಚಗುಂಡಿ ಮತ್ತು ಕುಡಿಯುವ ನೀರು
(ಭಾಷಣದ ಬರಹರೂಪ)



ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ನೆಲವನ್ನು ಬಲ್ಲವರಿಗೆ ಒಂದು ಸಂಗತಿ ತಿಳಿದಿದೆ: ಮೇಲೆ ತೆಳುವಾದ ಕೆಮ್ಮಣ್ಣು, ಅದರಡಿ ಗಟ್ಟಿ ಬಂಡೆ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಜನರು ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿದ್ದಾರೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸಯನೈಡ್ ದಿಬ್ಬಗಳು ಉಳಿದವು, ಗಣಿಕಾರ್ಮಿಕರ ಲೈನುಮನೆಗಳು ಉಳಿದವು, ಹಳೆಯ ಶೌಚವ್ಯವಸ್ಥೆಯೂ ಉಳಿಯಿತು. 2011ರಲ್ಲಿ ಇಲ್ಲಿ ಮಲಗುಂಡಿ ಶುಚಿಮಾಡಲು ಇಳಿದ ಮೂವರು ವಿಷಾನಿಲಕ್ಕೆ ಬಲಿಯಾದರು. ಮನುಷ್ಯರನ್ನು ಹೀಗೆ ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದು ಸಾರಿದೆ. ಆದುದರಿಂದ ಹಳೆಯ ಗುಂಡಿಯ ಬದಲು ಹೊಸದನ್ನು ಯೋಜಿಸುವಾಗ ಎರಡು ಪ್ರಶ್ನೆಗಳನ್ನು ಮೊದಲು ಕೇಳಬೇಕು: ನೀರು ಎಲ್ಲಿಗೆ ಹೋಗುತ್ತದೆ? ಮಲವನ್ನು ತೆಗೆಯುವವರು ಯಾರು?

ಸೆಪ್ಟಿಕ್ ತೊಟ್ಟಿ ಕೊಳೆಯನ್ನು ನಾಶಮಾಡುವುದಿಲ್ಲ. ಘನವಸ್ತು ತಳಕ್ಕೆ ಇಳಿಯುತ್ತದೆ, ರೋಗಾಣು ತುಂಬಿದ ನೀರು ಹೊರಬರುತ್ತದೆ. ಅದನ್ನು ಶುದ್ಧಿಗೊಳಿಸುವುದು ಮಣ್ಣು. ಮಣ್ಣೇ ಇಲ್ಲದ ಕಡೆ ಆ ನೀರು ಬಂಡೆಯ ಬಿರುಕು ಹಿಡಿದು ನೇರವಾಗಿ ಬಾವಿಯನ್ನು ಸೇರುತ್ತದೆ. ಬತ್ತಿದ ಕೊಳವೆಬಾವಿಗೆ ಪೈಪು ಇಳಿಬಿಡುವುದಂತೂ ಊರಿನ ನೀರಿಗೆ ವಿಷವಿಕ್ಕಿದಂತೆ. ರೋಗಾಣು ಕುದಿಸಿದರೆ ಸಾಯುತ್ತದೆ, ನೈಟ್ರೇಟು ಸಾಯುವುದಿಲ್ಲ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೈಟ್ರೇಟು ಹಸುಗೂಸುಗಳಿಗೆ ಅಪಾಯಕಾರಿ.

ಆದ್ದರಿಂದ ಮೊದಲು ನೆಲವನ್ನು ಪರೀಕ್ಷಿಸಿರಿ. ಇಂಗುಕಾಲುವೆಯ ಆಳಕ್ಕೆ ಒಂದಡಿ ಅಗಲದ ಗುಂಡಿ ತೋಡಿ, ತಳಕ್ಕೆ ಎರಡಂಗುಲ ಜಲ್ಲಿ ಹಾಕಿ, ಒಂದು ದಿನ ನೀರು ತುಂಬಿಸಿಡಿರಿ. ಮರುದಿನ ಜಲ್ಲಿಯ ಮೇಲೆ ಆರಂಗುಲ ನೀರು ನಿಲ್ಲಿಸಿ, ಇಳಿಯುವ ವೇಗವನ್ನು ಅಳೆಯಿರಿ. ಒಂದಂಗುಲ ಇಳಿಯಲು 30 ನಿಮಿಷದೊಳಗಾದರೆ ಇಂಗುಗುಂಡಿ ಸಾಕು. 30ರಿಂದ 60 ನಿಮಿಷವಾದರೆ ಉದ್ದನೆಯ ಇಂಗುಕಾಲುವೆ ಬೇಕು. 60 ದಾಟಿದರೆ ಇಂಗಿಸುವ ಯೋಚನೆಯನ್ನೇ ಬಿಡಬೇಕು. ನೀರು ಕಣ್ಣೆದುರೇ ಮಾಯವಾದರೆ ಹಿಗ್ಗಬೇಡಿ. ಕೆಳಗೆ ಬಿರುಕಿದೆಯೆಂದು ಅರ್ಥ. ಬಾವಿಯಿಂದ 18 ಮೀಟರ್ ದೂರವೆಂಬ ನಿಯಮವೂ ಬಿರುಕುಬಂಡೆಯಲ್ಲಿ ಸಾಲದು.

ಇಂಗದ ನೆಲದಲ್ಲಿ ಮಾಡುವುದೇನು? ಬಚ್ಚಲು ಮತ್ತು ಅಡುಗೆಮನೆಯ ನೀರನ್ನು ಬೇರ್ಪಡಿಸಿ ಬಾಳೆಗಿಡಗಳಿಗೆ ಹರಿಸಿರಿ. ಅರ್ಧ ಭಾರ ಇಳಿಯಿತು. ಐದು ಜನರ ಮನೆಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳವಿರುವ ತೊಟ್ಟಿ ಸಾಕು. ತಳವೂ ಗೋಡೆಯೂ ಸೋರಬಾರದು. ಯಂತ್ರದ ಕೊಳವೆ ಇಳಿಯುವಂತೆ ಮುಚ್ಚಳವಿರಬೇಕು, ಮನುಷ್ಯ ಇಳಿಯುವ ಪ್ರಮೇಯವೇ ಬರಬಾರದು. ಹೊರಬಂದ ನೀರನ್ನು ತಳಕ್ಕೆ ಸಿಮೆಂಟು ಹಾಕಿದ, ಜಲ್ಲಿ, ಮರಳು, ಮಣ್ಣು ತುಂಬಿದ ಎತ್ತರದ ಹಾಸಿಗೆ ಬಿಟ್ಟು, ಕಾಬಾಳೆಯನ್ನೂ ಬಾಳೆಯನ್ನೂ ಬೆಳೆಸಿರಿ. ಬಿಸಿಲೂ ಎಲೆಗಳೂ ನೀರನ್ನು ಹೀರುತ್ತವೆ. ಸಯನೈಡ್ ದಿಬ್ಬದ ಪುಡಿಯನ್ನು ಮರಳೆಂದು ಬಳಸಲೇಬಾರದು.

ಗುಡ್ಡದ ಊರಿನವರಿಗೆ ಒಂದು ಎಚ್ಚರಿಕೆ. ಮಳೆ ಕಡಿಮೆಯಿರುವ ಕೋಲಾರದಲ್ಲಿ ಸಲ್ಲುವ ಈ ಹಾಸು ನಿಮ್ಮ ಮುಂಗಾರಿನಲ್ಲಿ ತುಂಬಿ ಚೆಲ್ಲುತ್ತದೆ. ಅಲ್ಲಿ ಮಣ್ಣಿನ ಆಳವಿದ್ದರೆ ಇಳಿಜಾರಿಗೆ ಅಡ್ಡಲಾಗಿ ಇಂಗುಕಾಲುವೆ ತೆಗೆಯಿರಿ, ಬಾವಿಗಿಂತ ಕೆಳಗೆ; ಮಣ್ಣಿಲ್ಲದಿದ್ದರೆ ನೆಲದ ಮೇಲೆ ಎರಡು ಕೋಣೆಗಳ ಒಣ ಗೊಬ್ಬರದ ಶೌಚಾಲಯ ಕಟ್ಟಿರಿ. ಕೆಳಮನೆಯ ಬಾವಿ ಯಾರದೆಂದು ನೋಡದೆ ಮೇಲ್ಮನೆಯ ಗುಂಡಿ ತೋಡುವುದು ನ್ಯಾಯವಲ್ಲ.

ವಿದ್ಯಾರ್ಥಿಗಳು ತಮ್ಮ ಊರಿನ ಗುಂಡಿಗಳನ್ನೂ ಬಾವಿಗಳನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಲಿ. ಅದನ್ನು ಗ್ರಾಮಸಭೆಯ ಮುಂದಿಡಲಿ. ಕೆಲಸ ಅಲ್ಲಿಂದ ಆರಂಭವಾಗಲಿ.