ಲಾರ್ಡ್ ರಿಪ್ಪನ್ ಮತ್ತು ಊರಾಳ್ವಿಕೆಯ ಪಾಠ



ಸ್ಥಳೀಯ ಆಡಳಿತದ ಇತಿಹಾಸವನ್ನು ಚಿತ್ರ, ನಕ್ಷೆ, ದಾಖಲೆಗಳ ಮೂಲಕ ಹೇಳುವ ಈ ಪ್ರದರ್ಶನವನ್ನು ಉದ್ಘಾಟಿಸಲು ನನ್ನನ್ನು ಕರೆದಿದ್ದೀರಿ. ಮೊದಲ ಫಲಕದಲ್ಲೇ ದಟ್ಟ ಗಡ್ಡದ ಒಬ್ಬ ಇಂಗ್ಲಿಷ್ ಶ್ರೀಮಂತರ ಭಾವಚಿತ್ರವಿದೆ. ಅವರು ಲಾರ್ಡ್ ರಿಪ್ಪನ್, 1880ರಿಂದ 1884ರವರೆಗೆ ಭಾರತದ ವೈಸ್‌ರಾಯ್ ಆಗಿದ್ದವರು. ಇಂದು ಅವರ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ಜಾರ್ಜ್ ರಾಬಿನ್ಸನ್ ಎಂಬುದು ಅವರ ಹುಟ್ಟು ಹೆಸರು. 1827ರ ಅಕ್ಟೋಬರ್ 24ರಂದು ಅವರು ಹುಟ್ಟಿದ್ದು ಲಂಡನ್ನಿನ 10, ಡೌನಿಂಗ್ ಸ್ಟ್ರೀಟ್‌ನಲ್ಲಿ. ಆಗ ತಂದೆ ವೈಕೌಂಟ್ ಗೋಡೆರಿಚ್ ಬ್ರಿಟನ್ನಿನ ಪ್ರಧಾನಿ. ಮಗ ಶಾಲೆಯ ಮೆಟ್ಟಿಲು ಹತ್ತಲಿಲ್ಲ, ವಿಶ್ವವಿದ್ಯಾಲಯಕ್ಕೂ ಹೋಗಲಿಲ್ಲ, ಪಾಠವೆಲ್ಲ ಮನೆಯಲ್ಲೇ. ಇಂಥ ಮನೆತನದ ಹುಡುಗ ತನ್ನ ವರ್ಗದ ಹಿತ ಕಾಯುತ್ತ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ ಯೌವನದಲ್ಲಿ ಅವರು ಕ್ರಿಶ್ಚಿಯನ್ ಸಮಾಜವಾದಿಗಳ ಜೊತೆ ಸೇರಿದರು, ಕಾರ್ಮಿಕರ ಪರ ನಿಂತರು. 1852ರಲ್ಲಿ ಪ್ರಜಾಪ್ರಭುತ್ವದ ಪರವಾಗಿ ಅವರು ಬರೆದ ಕಿರುಹೊತ್ತಗೆಯನ್ನು ಆ ಚಳವಳಿಯ ಹಿರಿಯರೇ ಅತಿಯಾಯಿತೆಂದು ತಡೆಹಿಡಿದರು.

ಅದೇ ವರ್ಷ ಅವರು ಲಿಬರಲ್ ಪಕ್ಷದಿಂದ ಸಂಸತ್ತಿಗೆ ಹೋದರು. 1859ರಲ್ಲಿ ಪಿತ್ರಾರ್ಜಿತ ಪದವಿಗಳು ಕೈಸೇರಿ ಮೇಲ್ಮನೆಗೆ ಬಂದರು. ಯುದ್ಧ ಖಾತೆ, ಭಾರತ ಖಾತೆಗಳನ್ನು ನೋಡಿಕೊಂಡರು. 1870ರಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದಾಗ ಶಿಕ್ಷಣದ ಹೊಣೆ ಅವರ ಮೇಲೇ ಇತ್ತು. ಮರುವರ್ಷ ಅಮೆರಿಕದೊಡನೆ ವಾಷಿಂಗ್ಟನ್ ಒಪ್ಪಂದವನ್ನು ಕುದುರಿಸಿ ಬಂದು ಮಾರ್ಕ್ವೆಸ್ ಪದವಿ ಪಡೆದರು. 1874ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದಾಗ ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಿತು. ಇವರ ರಾಜಕೀಯ ಮುಗಿಯಿತೆಂದೇ ಹಲವರು ಅಂದುಕೊಂಡರು. ಆದರೆ ಆರು ವರ್ಷಗಳ ನಂತರ ಇವರನ್ನೇ ಪ್ರಧಾನಿ ಗ್ಲಾಡ್‌ಸ್ಟನ್ ವೈಸ್‌ರಾಯ್ ಆಗಿ ಭಾರತಕ್ಕೆ ಕಳಿಸಿದರು.

ಇಲ್ಲಿ ಅವರು ಮಾಡಿದ್ದನ್ನು ನೋಡಿ. 1881ರ ಕಾರ್ಖಾನೆ ಕಾಯ್ದೆ ಏಳು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸುವುದನ್ನು ತಡೆಯಿತು. ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಿದ್ದ, ಹಿಂದಿನ ವೈಸ್‌ರಾಯ್ ಲಿಟ್ಟನ್ ಕಾಲದ ಕಾಯ್ದೆ 1882ರಲ್ಲಿ ರದ್ದಾಯಿತು. ಮೈಸೂರಿನವರಿಗೆ 1881ರ ಮಾರ್ಚ್ 25 ಮರೆಯಲಾಗದ ದಿನ. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ನಂತರ ರಾಜ್ಯ ಮರಳಿ ಚಾಮರಾಜೇಂದ್ರ ಒಡೆಯರ ಕೈಗೆ ಬಂದಿತು. ಆ ನಿರ್ಧಾರ ರಿಪ್ಪನ್ನರಿಗಿಂತ ಮೊದಲೇ ಆಗಿತ್ತು, ಹಸ್ತಾಂತರ ಪತ್ರದ ಷರತ್ತುಗಳೂ ಬಿಗಿಯಾಗಿದ್ದವು. ಆದರೆ ಅದನ್ನು ನೆರವೇರಿಸಿದ್ದು ರಿಪ್ಪನ್ನರ ಸರ್ಕಾರ. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಅವರು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಸ್ಥಳೀಯ ಆಡಳಿತದ ಬಗ್ಗೆ ರಿಪ್ಪನ್ನರ ಪ್ರಸಿದ್ಧ ನಿರ್ಣಯ ಬಂದದ್ದು ಅದಾಗಿ ಏಳು ತಿಂಗಳಿಗೆ ಎಂಬುದು ನಮಗೆ ಹೆಮ್ಮೆಯ ಮಾತು.

1882ರ ಮೇ 18ರ ಆ ನಿರ್ಣಯವನ್ನು ಪ್ರದರ್ಶನದ ಒಳಗೆ ನಿಂತು ಓದಿ. ಸ್ಥಳೀಯ ಬೋರ್ಡಿನ ವ್ಯಾಪ್ತಿ ಸಣ್ಣದಿರಲಿ, ತಾಲೂಕಿನಷ್ಟೇ ಇರಲಿ. ಹಾಗಾದಾಗ ಸದಸ್ಯರಿಗೆ ಅಲ್ಲಿನ ಸಂಗತಿಗಳ ನೇರ ಪರಿಚಯವಿರುತ್ತದೆ ಎನ್ನುತ್ತದೆ ಅದು. ಸದಸ್ಯರಲ್ಲಿ ಸರ್ಕಾರಿ ನೌಕರರು ಮೂರನೇ ಒಂದು ಭಾಗ ಮೀರಬಾರದು. ಆದಷ್ಟು ಕಡೆ ಚುನಾವಣೆ ನಡೆಯಲಿ. ಸಾಧ್ಯವಿದ್ದಲ್ಲೆಲ್ಲ ಅಧ್ಯಕ್ಷರು ಅಧಿಕಾರಿಗಳಲ್ಲದವರೇ ಆಗಲಿ. ಸರ್ಕಾರ ಹೊರಗಿನಿಂದ ಮೇಲ್ವಿಚಾರಣೆ ಮಾಡಲಿ, ಒಳಗೆ ಕೂತು ನಡೆಸುವುದು ಬೇಡ. ಹೀಗೆ ಮಾಡಿದರೆ ಕೆಲಸ ಮೊದಮೊದಲು ಸೊರಗಬಹುದು ಎಂಬುದನ್ನೂ ಅದು ಮುಚ್ಚಿಡಲಿಲ್ಲ. ಜನ ರಾಜಕೀಯ ಕಲಿಯುವುದೇ ಅದರ ಮುಖ್ಯ ಉದ್ದೇಶವಾಗಿತ್ತು. ನೀರಿಗಿಳಿಯದೆ ಈಜು ಬರುವುದಿಲ್ಲ. ಜನ ಮೊದಲು ಯೋಗ್ಯರಾಗಲಿ, ಆಮೇಲೆ ಅಧಿಕಾರ ಕೊಡೋಣ ಎನ್ನುವವರಿಗೆ ರಿಪ್ಪನ್ ಕೊಟ್ಟ ಉತ್ತರ ಇದೇ: ಆಳುತ್ತಲೇ ಆಳುವುದನ್ನು ಕಲಿಯಬೇಕು.

1884ರಲ್ಲಿ ಮದರಾಸು ಮತ್ತು ಮುಂಬಯಿ ಪ್ರಾಂತ್ಯಗಳಲ್ಲಿ ಲೋಕಲ್ ಬೋರ್ಡ್ ಕಾಯ್ದೆಗಳು ಬಂದವು. ಮಂಗಳೂರು, ಬಳ್ಳಾರಿ, ಧಾರವಾಡ, ಬೆಳಗಾವಿಗಳ ತಾಲೂಕು ಬೋರ್ಡುಗಳ ಕಥೆ ಆ ಕಾಯ್ದೆಗಳಿಗೆ ಸೇರಿದ್ದು. ಆದರೆ ಪ್ರಾಂತ್ಯ ಸರ್ಕಾರಗಳು ನಿರ್ಣಯದ ಕಸುವನ್ನು ತೆಳುಮಾಡಿದವು. ಮತದ ಹಕ್ಕು ಆಸ್ತಿ, ತೆರಿಗೆಯಿದ್ದ ಕೆಲವರಿಗಷ್ಟೇ ಸಿಕ್ಕಿತು. ಜಿಲ್ಲಾ ಬೋರ್ಡಿನ ಕುರ್ಚಿಯಲ್ಲಿ ಹಲವೆಡೆ ಕಲೆಕ್ಟರರೇ ಕುಳಿತರು. 1883ರ ಇಲ್ಬರ್ಟ್ ಮಸೂದೆಯಲ್ಲೂ ಹಾಗೆಯೇ ಆಯಿತು. ಯುರೋಪಿಯನ್ನರನ್ನು ಭಾರತೀಯ ನ್ಯಾಯಾಧೀಶರು ವಿಚಾರಿಸಬಹುದೆಂದಾಗ ಪ್ಲಾಂಟರುಗಳು, ಕಲ್ಕತ್ತೆಯ ಬಿಳಿಯ ವ್ಯಾಪಾರಿಗಳು ತಿರುಗಿಬಿದ್ದರು. ಕಡೆಗೆ, ಅರ್ಧದಷ್ಟಾದರೂ ತಮ್ಮವರೇ ಇರುವ ಜ್ಯೂರಿಯನ್ನು ಕೇಳುವ ಹಕ್ಕನ್ನು ಆರೋಪಿಗಳಿಗೆ ಬಿಟ್ಟುಕೊಟ್ಟು ರಾಜಿಯಾಗಬೇಕಾಯಿತು. ರಿಪ್ಪನ್ ಸಾಮ್ರಾಜ್ಯದ ಪ್ರತಿನಿಧಿ. ಆ ಸಾಮ್ರಾಜ್ಯದ ಮಿತಿ ಅವರಿಗೂ ಇತ್ತು. ಆದರೂ 1884ರ ಡಿಸೆಂಬರ್‌ನಲ್ಲಿ ಅವರು ಹೊರಟಾಗ ಕಲ್ಕತ್ತೆಯಿಂದ ಮುಂಬಯಿಯವರೆಗೆ ಜನ ಕಿಕ್ಕಿರಿದು ಬೀಳ್ಕೊಟ್ಟರು. ಸಂಘಟಿತರಾಗಿ ನಿಲ್ಲಬಲ್ಲೆವೆಂಬ ಭರವಸೆ ಆ ಮೆರವಣಿಗೆಗಳಲ್ಲಿ ಹುಟ್ಟಿತು. ಮರುವರ್ಷವೇ ಕಾಂಗ್ರೆಸ್ ಸ್ಥಾಪನೆಯಾಯಿತು.

ನನಗೆ ಇನ್ನೂ ಇಷ್ಟವಾದ ಸಂಗತಿ ಇದಕ್ಕೂ ಮುಂದಿನದು. ನೌಕಾಖಾತೆ, ವಸಾಹತು ಖಾತೆಗಳನ್ನು ನಿಭಾಯಿಸಿದ ಮೇಲೆ, 1895ರಲ್ಲಿ, ಈ ಮಾಜಿ ವೈಸ್‌ರಾಯ್ ಯಾರ್ಕ್‌ಷೈರ್‌ನ ತಮ್ಮ ಸಣ್ಣ ಊರು ರಿಪ್ಪನ್‌ಗೆ ಮೇಯರ್ ಆದರು. ಇಡೀ ಭಾರತವನ್ನು ಆಳಿದವರಿಗೆ ಒಂದು ಊರಿನ ಹೊಣೆ ಚಿಕ್ಕದೆನಿಸಲಿಲ್ಲ. ತಾವು ನಮಗೆ ಹೇಳಿದ್ದನ್ನು ತಮ್ಮ ಊರಿನಲ್ಲಿ ತಾವೇ ಮಾಡಿದರು. 1909ರ ಜುಲೈ 9ರಂದು ತೀರಿಕೊಂಡರು. ಇಂದಿಗೂ ಚೆನ್ನೈ ಮಹಾನಗರ ಪಾಲಿಕೆ ಇರುವುದು ಅವರ ಹೆಸರಿನ ರಿಪ್ಪನ್ ಕಟ್ಟಡದಲ್ಲೇ.

ಪಂಚಾಯಿತಿ, ಪುರಸಭೆಗಳ ಸದಸ್ಯ ಮಿತ್ರರೇ, ನಿಮ್ಮ ಹುದ್ದೆ ಶಾಸಕರಾಗಲು ಮೆಟ್ಟಿಲು ಮಾತ್ರ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಚರಂಡಿ, ಬೀದಿದೀಪ, ಕುಡಿಯುವ ನೀರಿನ ತೀರ್ಮಾನಗಳಲ್ಲೇ ಪ್ರಜಾಪ್ರಭುತ್ವ ಬೇರುಬಿಡುವುದು. ವಿದ್ಯಾರ್ಥಿಗಳೇ, ಪ್ರದರ್ಶನ ನೋಡಿ ಮನೆಗೆ ಹೋದ ಮೇಲೆ ನಿಮ್ಮೂರಿನ ಮುಂದಿನ ಗ್ರಾಮಸಭೆ ಯಾವಾಗೆಂದು ವಿಚಾರಿಸಿ, ಹೋಗಿ ಕುಳಿತುಕೊಳ್ಳಿ. ಲೆಕ್ಕ ಓದುವಾಗ ಕಿವಿಗೊಡಿ, ಅರ್ಥವಾಗದಿದ್ದರೆ ಎದ್ದು ಕೇಳಿ. ಕೇಳುವವರಿದ್ದರೆ ಆಳುವವರೂ ಕಲಿಯುತ್ತಾರೆ.

ಈ ಆಶಯದೊಂದಿಗೆ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ.