ಸೆನ್ಸರ್ ಬದಲಿಸಿದರೂ ಹೋಗದ ಪಿ0016

ಪುಣೆಯಲ್ಲಿ ನನ್ನ ಕಾರಿನ ಚೆಕ್ ಎಂಜಿನ್ ದೀಪ ಮೂರು ಸಲ ವಾಪಸ್ ಬಂತು. ಕೋಡ್ ಪಿ0016. ಗ್ಯಾರೇಜಿನವರು ಎರಡು ಸಲ ಕ್ಯಾಮ್ ಸೆನ್ಸರ್ ಬದಲಿಸಿದ್ದರು.

ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು. ಈ ಎರಡರ ಲೆಕ್ಕ ತಾಳೆ ಆಗ್ತಿಲ್ಲ ಅಂತ ಮಾತ್ರ ಕೋಡ್ ಹೇಳುತ್ತೆ. ಲಾಗ್‌ನಲ್ಲಿ ಎರರ್ ಕಂಡ ಜಾಗ ಬೇರೆ, ಬಗ್ ಇರೋ ಜಾಗ ಬೇರೆ ಅನ್ನೋದು ನಮಗೆ ಗೊತ್ತಲ್ಲ!

ಹುಡುಕೋದನ್ನ ಅಗ್ಗದ್ದರಿಂದ ಶುರು ಮಾಡಿ. ಮೊದಲು ಆಯಿಲ್: ಮಟ್ಟ, ಗ್ರೇಡ್, ಎಷ್ಟು ಹಳೆಯದು. ವೇರಿಯಬಲ್ ವಾಲ್ವ್ ಟೈಮಿಂಗ್ ಇರೋ ಹೆಚ್ಚಿನ ಎಂಜಿನ್‌ಗಳಲ್ಲಿ ಕ್ಯಾಮ್ ಅನ್ನು ಹಿಂದೆ ಮುಂದೆ ತಿರುಗಿಸೋದು ಆಯಿಲ್ ಒತ್ತಡವೇ. ಆಮೇಲೆ ಆಯಿಲ್ ಕಂಟ್ರೋಲ್ ವಾಲ್ವ್‌ನ ಸಣ್ಣ ಜಾಲರಿ ಕಟ್ಟಿಕೊಂಡಿದೆಯಾ ನೋಡಿಸಿ. ನಂತರ ವೈರ್, ಕನೆಕ್ಟರ್. ಅದೂ ಸರಿ ಇದ್ದರೆ ಎರಡೂ ಸೆನ್ಸರ್‌ಗಳ ಸಿಗ್ನಲ್ಲನ್ನು ಆಸಿಲೋಸ್ಕೋಪ್‌ನಲ್ಲಿ ಒಟ್ಟಿಗೆ ನೋಡಬೇಕು.

ನನ್ನ ಕಾರಲ್ಲಿ ಅಲ್ಲೇ ಸಿಕ್ಕಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಗಡಗಡ ಸದ್ದೂ ಇತ್ತು. ಟೈಮಿಂಗ್ ಚೈನ್ ಉದ್ದವಾಗಿತ್ತು. ಚೈನ್, ಟೆನ್ಷನರ್ ಎರಡೂ ಬದಲಾದ ಮೇಲೆ ಕೋಡ್ ಮತ್ತೆ ಬರಲಿಲ್ಲ.

ಕೋಡ್ ಅಳಿಸಿ ಊರಿಗೆ ಹೊರಡಬೇಡಿ. ಚೈನ್ ಹಲ್ಲು ಜಿಗಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಹೊಡೆಯಬಹುದು. ಆಗ ಎಂಜಿನ್ ಬಿಚ್ಚಬೇಕಾಗುತ್ತೆ. ಪಾರ್ಟ್ ಬದಲಿಸೋ ಮೊದಲು ಒಂದೇ ಮಾತು ಕೇಳಿ: "ಏನು ಅಳೆದು ನೋಡಿದ್ರಿ?"