ಶಿಫ್ಟಿನ ಊರು, ರೈಲಿನ ಊರು

ಕೆ.ಜಿ.ಎಫ್. ಎಂದರೆ ಚಿನ್ನದ ಮಾತೇ ಹೆಚ್ಚು. ಇಂದು ಅಲ್ಲಿನ ಮನೆಗಳ ಮಾತಾಡೋಣ.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ತಮಿಳು, ತೆಲುಗು ಸೀಮೆಯ ಕಾರ್ಮಿಕರಿಗೆ ಸಿಕ್ಕಿದ್ದು ಸಾಲುಮನೆ. ಜನರ ಬಾಯಲ್ಲಿ 'ಲೈನ್'. ಅಪ್ಪನ ಶಿಫ್ಟೇ ಮನೆಯ ಪಂಚಾಂಗ. ರಾತ್ರಿಪಾಳಿ ಮುಗಿಸಿ ಅವರು ಮಲಗಿದರೆ ಮಕ್ಕಳು ಪಿಸುಗುಟ್ಟಬೇಕು. ನಡುವೆ ಒಂದೇ ಗೋಡೆ, ಹಾಗಾಗಿ ಪಕ್ಕದ ಮನೆಯವರೂ!

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಶಿಫ್ಟು ಹೋಯಿತು, ಲೈನ್ ಉಳಿಯಿತು. ಕೆಲಸ ಇರುವುದು ಬೆಂಗಳೂರಿನಲ್ಲಿ. ಆದರೆ ಅಲ್ಲಿನ ಬಾಡಿಗೆ, ಅಡ್ವಾನ್ಸು ಈ ಸಂಬಳಕ್ಕೆ ಎಟುಕುವುದಿಲ್ಲ. ಹಾಗಾಗಿ ಮಾರಿಕುಪ್ಪಂ ರೈಲು ನಸುಕಿಗೇ ತುಂಬುತ್ತದೆ. ಅದು ತಪ್ಪಿದವರು ಹೆಚ್ಚು ರೈಲು ಸಿಗುವ ಬಂಗಾರಪೇಟೆಗೆ ಓಡುತ್ತಾರೆ.

1952ರ ಗಣಿ ಕಾಯ್ದೆ ಹೆಂಗಸರನ್ನು ನೆಲದಾಳಕ್ಕೆ ಇಳಿಸುತ್ತಿರಲಿಲ್ಲ. ಈ ರೈಲಿನಲ್ಲಿ ಮಗಳೂ ಸೊಸೆಯೂ ಹೊರಡುತ್ತಾರೆ. ಅದು ಒಳ್ಳೆಯದೇ ಎನ್ನುತ್ತೇನೆ; ಬುತ್ತಿ ಕಟ್ಟುವ ಕೆಲಸ ಮಾತ್ರ ಅಜ್ಜಿಗೆ ಬಿತ್ತು.

ಅಜ್ಜ ಎಂಟು ತಾಸಿನ ಪಾಳಿ ಮುಗಿಸಿ ನಡೆದೇ ಮನೆ ಸೇರುತ್ತಿದ್ದರು. ಮಗನ ದುಡಿಮೆಗೆ ದಿನವೂ ನಾಲ್ಕು ತಾಸಿನ ಪ್ರಯಾಣ ಸೇರುತ್ತದೆ. ಲೈನಿನ ಎಷ್ಟೋ ಮಕ್ಕಳಿಗೆ ಅಪ್ಪ ಎದ್ದಿರುವಾಗ ಸಿಗುವುದು ಭಾನುವಾರ.